ನಮ್ಮ ಮೂರು ರೇವುಪಟ್ಟಣಗಳು

ಸ್ಪೇನ್ ದೇಶದ ಹಳ್ಳಿಗಾಡಿನ ಸಣ್ಣ ಊರುಗಳನ್ನು ಕಾಣಲು ಲೋಕದ ನಾನಾ ಕಡೆಗಳಿಂದ ಪ್ರವಾಸಿಗಳು ಹೋಗುತ್ತಾರೆ. ಹಳೆಯ ಕಲ್ಲುಮನೆಗಳನ್ನೂ ಇಗರ್ಜಿಗಳನ್ನೂ ಉಳಿಸಿಕೊಂಡ ಅಂತಹ ಊರುಗಳಿಗಾಗಿ ಅಲ್ಲಿ 2011ರಲ್ಲಿ ಒಂದು ಸಂಘವೇ ಹುಟ್ಟಿತು. ಊರಿನ ಸೊಬಗನ್ನು ಕಾಪಾಡುವುದೂ ಪರರಿಗೆ ತೋರಿಸುವುದೂ ಊರಿನವರ ಕರ್ತವ್ಯವೆಂಬುದು ಅದರ ಆಶಯ. ಇದನ್ನು ಕೇಳಿದಾಗ, ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಸುಮಾರು 60 ಕಿಲೋಮೀಟರುಗಳೊಳಗೆ ನೆಲೆಸಿರುವ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಪಟ್ಟಣಗಳು ನಮಗೆ ನೆನಪಾಗುತ್ತವೆ. ಮುರುಡೇಶ್ವರಕ್ಕೂ ಗೋಕರ್ಣಕ್ಕೂ ಧಾವಿಸುವ ಯಾತ್ರಿಕರು ಇವುಗಳನ್ನು ಹೆದ್ದಾರಿಯಿಂದ ಇಳಿಯದೆಯೇ ದಾಟಿಹೋಗುವುದು ಹೆಚ್ಚು. ಆದುದರಿಂದ ಇವುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವೆವು.

ಮೊದಲು ಭಟ್ಕಳ. ವಿಜಯನಗರದ ಅರಸರ ಕಾಲದಲ್ಲಿ ಹೊರ್ಮುಜ್ ದ್ವೀಪದಿಂದ ಬಂದ ಕುದುರೆಗಳು ಈ ರೇವಿನಲ್ಲಿ ಇಳಿಯುತ್ತಿದ್ದುವು. ಅಕ್ಕಿ, ಸಕ್ಕರೆ, ಕಬ್ಬಿಣಗಳು ಇಲ್ಲಿಂದ ಹಡಗು ಹತ್ತುತ್ತಿದ್ದುವು. ಆ ವ್ಯಾಪಾರದ ಐಶ್ವರ್ಯವು ಇಂದಿಗೂ ಕಲ್ಲಿನಲ್ಲಿ ಕಾಣುವುದು. 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯದ ಗೋಡೆಗಳ ಮೇಲೆ ರಾಮಾಯಣದ ಪ್ರಸಂಗಗಳನ್ನು ಸಾಲಾಗಿ ಕೊರೆದಿರುವರು. ಇಲ್ಲಿಯ ಶಿಲ್ಪಿಗಳ ಜಾಣ್ಮೆಯನ್ನು ಮಾಡಿನಲ್ಲಿ ನೋಡಬೇಕು. ಕರಾವಳಿಯ ಮಳೆಯನ್ನು ಬಲ್ಲ ಅವರು ಕಲ್ಲುಚಪ್ಪಡಿಗಳನ್ನು ಮನೆಯ ಮಾಡಿನಂತೆಯೇ ಇಳಿಜಾರಾಗಿ ಹೊದಿಸಿದರು. ಮರದ ಪಟ್ಟಿಗಳ ಜಾಲರಿಯನ್ನೂ ಕಲ್ಲಿನಲ್ಲೇ ಕಡೆದರು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯೂ ಇದೇ ಬಗೆಯದು. ಪೂರ್ವದಲ್ಲಿ ಅರಬ ವರ್ತಕರೊಡನೆ ಬೆಳೆದ ನವಾಯತ ಸಮಾಜದವರು ತಮ್ಮದೇ ಆದ ನವಾಯತಿ ಭಾಷೆಯನ್ನೂ ಅಡುಗೆಯನ್ನೂ ಇಲ್ಲಿ ಉಳಿಸಿಕೊಂಡಿರುವರು. ಭಟ್ಕಳ ಮಲ್ಲಿಗೆಯ ಕಂಪಂತೂ ನಮ್ಮ ಗೃಹಿಣಿಯರಿಗೆ ಅಪರಿಚಿತವಲ್ಲ.

ಇದೇ ತಾಲ್ಲೂಕಿನ ಹಾಡುವಳ್ಳಿಗೆ ಸಂಸ್ಕೃತದಲ್ಲಿ ಸಂಗೀತಪುರವೆಂದು ಹೆಸರು. ಈಗ ಕಾಡಿನ ನಡುವಣ ಸಣ್ಣ ಹಳ್ಳಿಯಾಗಿರುವ ಈ ಊರಿನ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ 592 ಸಂಸ್ಕೃತ ಸೂತ್ರಗಳಿಂದ ಕನ್ನಡ ನುಡಿಗೆ 'ಕರ್ಣಾಟಕ ಶಬ್ದಾನುಶಾಸನ'ವೆಂಬ ವ್ಯಾಕರಣವನ್ನು ರಚಿಸಿದನು.

ಇನ್ನು ಶರಾವತಿಯು ಕಡಲನ್ನು ಸೇರುವ ಹೊನ್ನಾವರ. 14ನೆಯ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಊರಿನಲ್ಲಿ ಬಾಲಕರಿಗೆ 23, ಬಾಲಿಕೆಯರಿಗೆ 13 ಪಾಠಶಾಲೆಗಳನ್ನು ಕಂಡನೆಂದೂ ಬೇರೆಲ್ಲಿಯೂ ಇಂತಹುದನ್ನು ಕಾಣಲಿಲ್ಲವೆಂದೂ ಬರೆದಿಟ್ಟಿರುವನು. ಹೆಣ್ಣುಮಕ್ಕಳ ವಿದ್ಯೆಯು ಈಚಿನ ಕಾಲದ್ದೆಂದು ಭಾವಿಸುವವರು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ನದಿಯ ಮೇಲುಭಾಗದಲ್ಲಿರುವ ಗೇರುಸೊಪ್ಪೆಯು ಒಂದು ಕಾಲದ ರಾಜಧಾನಿ. ರಾಣಿ ಚೆನ್ನಭೈರಾದೇವಿಯು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ನಾಡನ್ನಾಳಿದಳು. ಪೋರ್ತುಗೀಜರು ಅವಳನ್ನು 'ಮೆಣಸಿನ ರಾಣಿ'ಯೆಂದು ಕರೆದರು. ಕೆಳದಿಯ ನಾಯಕರಿಗೆ ಅವಳು ಸೋತ ಮೇಲೆ ನಗರವು ಬರಿದಾಯಿತು. ಇಂದು ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿಯು ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ಒಳಹೋಗುವ ಶ್ರಾವಕರು ಮಾತ್ರ ಅಲ್ಲಿ ಇಲ್ಲ. ರಾಜ್ಯ ಹೋದರೂ ಕಲ್ಲು ಉಳಿಯುವುದು. ಜನ ಹೋದರೆ ಕಲ್ಲಿಗೆ ಒಡೆಯರಿಲ್ಲ.

ಇದೇ ತಾಲ್ಲೂಕಿನ ಗುಣವಂತೆಯ ಬಳಿಯ ಕೆರೆಮನೆಯಲ್ಲಿ ಇದಕ್ಕೆ ವಿಪರೀತವಾದ ದೃಷ್ಟಾಂತವಿದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯು ಮಗ ಶಂಭು ಹೆಗಡೆಯವರ ಕೈಯಲ್ಲಿಯೂ, ಅನಂತರ ಮೊಮ್ಮಗನ ಕೈಯಲ್ಲಿಯೂ ಮುಂದುವರಿಯಿತು. ತಂದೆಯು ಕಟ್ಟಿದ ಗೆಜ್ಜೆಯನ್ನು ಮಗನು ಬಿಚ್ಚಿಡಲಿಲ್ಲ. ಆದುದರಿಂದ ಆ ಕಲೆಗೆ ಕಾಡು ಮುಸುಕಲಿಲ್ಲ.

ಉತ್ತರಕ್ಕೆ ಹೋದರೆ ಕುಮಟಾ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಹೋದಾಗ, ಧಾರವಾಡದ ಸೀಮೆಯ ಹತ್ತಿಯು ಘಟ್ಟವಿಳಿದು ಈ ರೇವಿನಿಂದ ಹೊರಟು, 'ಕುಮಟಾ ಹತ್ತಿ'ಯೆಂಬ ಹೆಸರನ್ನೇ ಪಡೆಯಿತು. ಸಮೀಪದ ಮಿರ್ಜಾನಿನಲ್ಲಿ ಚೆನ್ನಭೈರಾದೇವಿಯು ಕಟ್ಟಿಸಿದಳೆಂದು ಪ್ರತೀತಿಯಿರುವ ಚಿರೇಕಲ್ಲಿನ ಕೋಟೆಯು ಮಳೆಗಾಲದಲ್ಲಿ ಹಸುರು ಹೊದ್ದು ಬಹು ರಮಣೀಯವಾಗಿರುವುದು.

ಆದರೆ ಕುಮಟೆಯ ನಿಜವಾದ ನಿಧಿಯು ಅಘನಾಶಿನಿಯ ಅಳಿವೆಯಲ್ಲಿದೆ. ಪಾಪವನ್ನು ನಾಶಮಾಡುವವಳೆಂಬ ಅರ್ಥದ ಈ ನದಿಯ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಮಾಣಿಕಟ್ಟಾ ಮೊದಲಾದ ಊರುಗಳ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ಸಹಿಸುವ ಈ ಭತ್ತಕ್ಕೆ ಗೊಬ್ಬರ, ಔಷಧಗಳು ಬೇಡ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು, ಬಳಿಕ ಉಪ್ಪುನೀರನ್ನು ಒಳಬಿಟ್ಟರೆ ಅದೇ ಗದ್ದೆಯು ಮೀನಿಗೂ ಸಿಗಡಿಗೂ ನೆಲೆಯಾಗುವುದು. ಆದರೆ ನೀರನ್ನು ತಡೆಯುವ ಕಟ್ಟೆಯನ್ನು ಒಬ್ಬನೇ ರಕ್ಷಿಸಲಾರನು, ಊರೆಲ್ಲ ಕೂಡಬೇಕು. ಸಿಗಡಿ ಸಾಕಣೆಯ ಲಾಭಕ್ಕೆ ಮನಸೋತು ಹಲವು ಕಡೆ ಬೇಸಾಯ ನಿಂತುಹೋಗಿ ಕಗ್ಗವು ಅಪರೂಪವಾಗಿದೆ. ಬೀಜವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಅದು ಉಳಿಯಲಾರದು, ವರ್ಷವರ್ಷವೂ ಬಿತ್ತಬೇಕು.

ಭಟ್ಕಳದ ದೇಗುಲ, ಕೆರೆಮನೆಯ ಗೆಜ್ಜೆ, ಮಾಣಿಕಟ್ಟೆಯ ಗದ್ದೆ, ಇವು ಉಳಿದಿರುವುದು ಜನರ ಬಳಕೆಯಿಂದ. ಮಳೆಗಾಲ ಕಳೆದ ಮೇಲೆ ಮೂರು ದಿನಗಳ ಬಿಡುವು ಮಾಡಿಕೊಂಡು ಗೃಹಸ್ಥರು ಮಕ್ಕಳೊಡನೆ ಇತ್ತ ಬರಲಿ. ಮೂರು ಪಟ್ಟಣಗಳಿಗೂ ಕೊಂಕಣ ರೈಲ್ವೆಯ ನಿಲ್ದಾಣಗಳಿರುವುದರಿಂದ ಪ್ರಯಾಣ ಸುಲಭ. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ ಸೇತುವೆಯು ಎರಡು ಕಿಲೋಮೀಟರಿಗಿಂತ ಉದ್ದವಾದುದು. ಸಂಜೆ ಆಟವಿದ್ದರೆ ನೋಡಿರಿ. ಕಗ್ಗದ ಅಕ್ಕಿ ದೊರೆತರೆ ಒಂದೆರಡು ಸೇರು ಕೊಂಡು ಮನೆಯಲ್ಲಿ ಅನ್ನ ಮಾಡಿರಿ. ಕೊಳ್ಳುವವರಿದ್ದರೆ ಬೆಳೆಯುವವನು ಮುಂದಿನ ವರ್ಷವೂ ಬಿತ್ತುವನು.