ನಿಮಗಿದು ಗೊತ್ತೆ? ಆ ಬಿಳಿ ಹನಿ ‘ಶಕ್ತಿ’ಯಲ್ಲ

ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಬಳೆಯಂತೆ ಸುತ್ತಿಕೊಂಡಿರುವ ಪುಟ್ಟ ಗ್ರಂಥಿಯೇ ಪ್ರಾಸ್ಟೇಟ್. ಯೌವನದಲ್ಲಿ ಇದರ ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವದಲ್ಲಿ ಒಂದು ಪಾಲು ಇಲ್ಲೇ ತಯಾರಾಗುತ್ತದೆ. ಮಲಬದ್ಧತೆಯಿಂದ ತಿಣುಕಿದಾಗ ಗ್ರಂಥಿಯ ಮೇಲೆ ಒತ್ತಡ ಬಿದ್ದು ಈ ದ್ರವದ ಒಂದೆರಡು ಹನಿ ಹೊರಬರಬಹುದು. ಫಾಸ್ಫೇಟ್ ಲವಣ ಹೆಚ್ಚಿದರೂ ಮೂತ್ರ ಬೆಳ್ಳಗೆ ಕದಡಿದಂತೆ ಕಾಣುತ್ತದೆ. ಇವನ್ನು ಕಂಡು ‘ಧಾತು ಹೋಗುತ್ತಿದೆ’ ಎಂದು ಯಾರಿಗೂ ಹೇಳಲಾಗದೆ ಒಳಗೊಳಗೇ ಕೊರಗುವ ಹುಡುಗರಿದ್ದಾರೆ. ಈ ಆತಂಕಕ್ಕೆ ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಗೋಡೆಬರಹ ನಂಬಿ ಪುಡಿ, ಲೇಹ್ಯಗಳಿಗೆ ದಯವಿಟ್ಟು ದುಡ್ಡು ಸುರಿಯಬೇಡಿ.

ಕೀವಿನಂಥ ಹಳದಿ ಸ್ರಾವ, ಉರಿಮೂತ್ರ ಇದ್ದರೆ ಮಾತ್ರ ವಿಷಯ ಬೇರೆ. ಅದು ಗೊನೊರಿಯಾ, ಕ್ಲಮಿಡಿಯಾದಂಥ ಸೋಂಕಿರಬಹುದು. ಸಂಗಾತಿಗೂ ಚಿಕಿತ್ಸೆ ಬೇಕು. ಜೊತೆಗೆ ಚಳಿಜ್ವರ, ಕಿಬ್ಬೊಟ್ಟೆ ನೋವು ಬಂದರೆ ಪ್ರಾಸ್ಟೇಟ್‌ಗೇ ಸೋಂಕು ತಗುಲಿರಬಹುದು; ಅಂದೇ ವೈದ್ಯರ ಬಳಿ ಹೋಗಿ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ತಪಾಸಣೆ ಆಗಲೇಬೇಕು.

ಐವತ್ತು ದಾಟಿದವರಲ್ಲಿ ಗ್ರಂಥಿ ದೊಡ್ಡದಾಗಿ ಮೂತ್ರದ ಧಾರೆ ಸಣ್ಣಗಾಗುವುದು, ರಾತ್ರಿ ಮತ್ತೆಮತ್ತೆ ಏಳಬೇಕಾಗುವುದು ಸಾಮಾನ್ಯ. ರಕ್ತಪರೀಕ್ಷೆಯಲ್ಲಿ, ಈ ಗ್ರಂಥಿ ತಯಾರಿಸುವ ಪ್ರೋಟೀನ್ ಆದ ಪಿಎಸ್‌ಎ ಹೆಚ್ಚು ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ಸೋಂಕಿನಿಂದಲೂ, ಗ್ರಂಥಿ ಹಿಗ್ಗಿದ್ದರಿಂದಲೂ ಅದು ಏರುತ್ತದೆ.