ದುರಸ್ತಿ ತಪ್ಪಿದ ಡಿಎನ್‌ಎ: ಇಲಿಗಳು ಹೇಳಿದ ಸತ್ಯ

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ವಲಯವೂ ಸೇರಿರುವ ಬಂಡೀಪುರದಲ್ಲಿ, ಹುಲಿಗಳ ಮಲದಲ್ಲಿನ ಡಿಎನ್‌ಎಯಿಂದ ಅವುಗಳನ್ನು ಒಂದೊಂದಾಗಿ ಗುರುತಿಸಿ ಸಂಖ್ಯೆ ಅಂದಾಜಿಸಬಹುದೆಂದು ಉಮಾ ರಾಮಕೃಷ್ಣನ್, ಉಲ್ಲಾಸ ಕಾರಂತ ಮೊದಲಾದವರ ತಂಡ 2009ರಲ್ಲಿ ತೋರಿಸಿಕೊಟ್ಟಿತು. ಈ ಗುರುತಿಗೆ ಆಧಾರ ‘ಮೈಕ್ರೋಸ್ಯಾಟಲೈಟ್’. ಅಂದರೆ ಕೆಲವೇ ಅಕ್ಷರಗಳ ಗುಚ್ಛವೊಂದು ಸಾಲಾಗಿ ಮರುಕಳಿಸುವ ಡಿಎನ್‌ಎ ಭಾಗ. ಮರುಕಳಿಕೆಯ ಎಣಿಕೆ ಹುಲಿಯಿಂದ ಹುಲಿಗೆ ಬೇರೆ.

ಎಣಿಕೆ ಬದಲಾಗುವುದೇಕೆ? ಡಿಎನ್‌ಎ ನಕಲಾಗುವಾಗ ಇಂಥ ಕಡೆ ಕಿಣ್ವ ಜಾರಿ, ಒಂದು ಗುಚ್ಛ ಹೆಚ್ಚುತ್ತದೆ ಅಥವಾ ಬಿಟ್ಟುಹೋಗುತ್ತದೆ. ಜೋಡಿ ತಪ್ಪಿದ ಅಕ್ಷರಗಳನ್ನು ತಿದ್ದುವ ಪ್ರೋಟೀನುಗಳು ಬಹುಪಾಲು ತಪ್ಪುಗಳನ್ನು ಅಳಿಸುತ್ತವೆ. ಅವುಗಳ ಕಣ್ಣು ತಪ್ಪಿಸಿ ತಲೆಮಾರುಗಳಲ್ಲಿ ಉಳಿದುಬಂದವೇ ಹುಲಿಯ ಗುರುತು.

ತಿದ್ದುವವರೇ ಇಲ್ಲದಿದ್ದರೆ? ಉತ್ತರ ದೊರೆತದ್ದು ಪ್ರಯೋಗಾಲಯದ ಇಲಿಗಳಲ್ಲಿ. 1995ರಲ್ಲಿ ಎಂಎಸ್‌ಎಚ್2 ವಂಶವಾಹಿ ಇಲ್ಲದ ಇಲಿಗಳನ್ನು ರೂಪಿಸಲಾಯಿತು. ಅವುಗಳ ಮೈಕ್ರೋಸ್ಯಾಟಲೈಟ್‌ಗಳು ಅಸ್ಥಿರಗೊಂಡವು. ಎಳೆ ವಯಸ್ಸಿನಲ್ಲೇ ಲಿಂಫೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಂಡಿತು. ಕುತೂಹಲದ ಸಂಗತಿಯೆಂದರೆ, ಎಂಎಸ್‌ಎಚ್6 ಮಾತ್ರ ಇಲ್ಲದ ಇಲಿಗಳಲ್ಲಿ ಉತ್ಪರಿವರ್ತನೆಯ ಸ್ವರೂಪವೇ ಬೇರೆ. ಅಲ್ಲಿ ಒಂಟಿ ಅಕ್ಷರಗಳ ಅದಲುಬದಲು ಹೆಚ್ಚು, ಮರುಕಳಿಕೆಗಳ ಏರುಪೇರು ಕಡಿಮೆ. ಎಂಎಸ್‌ಎಚ್3 ಎಂಬ ಇನ್ನೊಂದು ಪ್ರೋಟೀನು ಆ ಭಾಗವನ್ನು ನೋಡಿಕೊಳ್ಳುವುದೇ ಇದಕ್ಕೆ ಕಾರಣ.

ಮನುಷ್ಯರಲ್ಲಿ ಇವೇ ವಂಶವಾಹಿಗಳ ದೋಷ ಲಿಂಚ್ ಸಿಂಡ್ರೋಮ್‌ಗೆ ಕಾರಣವಾಗಿ, ಕುಟುಂಬದಲ್ಲಿ ಕರುಳಿನ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ಗೆಡ್ಡೆಯಲ್ಲಿ ಈ ದೋಷವಿದ್ದರೆ, ಅದು ಯಾವ ಅಂಗದ್ದಾದರೂ, ಪೆಂಬ್ರೊಲಿಝುಮ್ಯಾಬ್ ಔಷಧ ನೀಡಲು ಅಮೆರಿಕ 2017ರಲ್ಲಿ ಒಪ್ಪಿಗೆ ನೀಡಿತು.