ಬಾಲ ನ್ಯಾಯ ಮಂಡಳಿಯವರಿಗೆ ಸಂಬಳ ಎಷ್ಟು? ಜನ ನಂಬಿರುವುದು, ಕಾನೂನು ಹೇಳುವುದು

ಹದಿನೇಳರ ಹುಡುಗನೊಬ್ಬ ಬೈಕ್ ಕಳವಿನಲ್ಲಿ ಸಿಕ್ಕಿಬಿದ್ದರೆ ಪೊಲೀಸರು ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮನೆ ಬಿಟ್ಟು ಬಂದ ಮಗು, ಅನಾಥ ಮಗು, ದುಡಿಮೆಗೆ ಸಿಕ್ಕಿಕೊಂಡ ಮಗುವಾದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಎರಡೂ ನಡೆಯುವುದು 2016ರ ಜನವರಿ 15ರಿಂದ ಜಾರಿಗೆ ಬಂದ 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ. ಅಲ್ಲಿ ಕೂರುವವರು ಯಾರು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಮಾತ್ರ ಊರಿಗೊಂದು ಕತೆ ಇದೆ.

ತಪ್ಪು ಕಲ್ಪನೆ: ತುಮಕೂರು ಜಿಲ್ಲೆಯ ಮಧುಗಿರಿಯಲ್ಲೇ ಒಂದು ಮಂಡಳಿ ಇದೆ.

ಸತ್ಯ: ಹೀಗೆ ಅಂದುಕೊಳ್ಳುವುದು ಸಹಜ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳಿಗೆ ಉಪವಿಭಾಗಾಧಿಕಾರಿ ಕಚೇರಿ ಮಧುಗಿರಿಯಲ್ಲಿದೆ. ಶಿಕ್ಷಣ ಇಲಾಖೆಗೂ ಮಧುಗಿರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಆದರೆ ಬಾಲ ನ್ಯಾಯ ಕಾಯ್ದೆ ಲೆಕ್ಕ ಹಿಡಿಯುವುದು ಕಂದಾಯ ಜಿಲ್ಲೆಯನ್ನು. ಜಿಲ್ಲೆಗೆ ಒಂದು ಅಥವಾ ಹೆಚ್ಚು ಮಂಡಳಿ ರಚಿಸಬೇಕು ಎನ್ನುತ್ತದೆ ಅದು. ನಮ್ಮ ಜಿಲ್ಲೆಯ ಮಂಡಳಿ ಮತ್ತು ಸಮಿತಿ ಕೂಡುವುದು ತುಮಕೂರಿನಲ್ಲಿ. ಕೊರಟಗೆರೆಯವರು ಮಧ್ಯಾಹ್ನದೊಳಗೆ ಹೋಗಿ ಬಂದಾರು. ಪಾವಗಡದವರಿಗೆ ಮಧುಗಿರಿ, ಕೊರಟಗೆರೆ ದಾಟಿ ಸುಮಾರು ನೂರು ಕಿಲೋಮೀಟರ್ ಪ್ರಯಾಣ. ಒಂದು ಹಾಜರಿಗೆ ಒಂದು ದಿನದ ಕೂಲಿ ಹೋಯಿತು ಎಂದೇ ಲೆಕ್ಕ.

ತಪ್ಪು ಕಲ್ಪನೆ: ತಹಶೀಲ್ದಾರರು, ಪಂಚಾಯಿತಿ ಸದಸ್ಯರೇ ಮಂಡಳಿಯಲ್ಲಿ ಕೂತು ಹೆಚ್ಚುವರಿ ಸಂಬಳ ಪಡೆಯುತ್ತಾರೆ.

ಸತ್ಯ: ಮಂಡಳಿಯಲ್ಲಿ ಇರುವುದು ಮೂವರೇ. ಕನಿಷ್ಠ ಮೂರು ವರ್ಷ ಅನುಭವವಿರುವ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಈ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ಚುನಾಯಿತರಿಗಾಗಲಿ ಕಂದಾಯ ಅಧಿಕಾರಿಗಳಿಗಾಗಲಿ ಹುದ್ದೆಯ ಬಲದಿಂದ ಅಲ್ಲಿ ಕುರ್ಚಿ ಇಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಕೌಂಟಿಯ ನ್ಯಾಯಾಧೀಶರೇ ಬಾಲಾಪರಾಧಿ ಮಂಡಳಿಯ ಸದಸ್ಯರು. ಅದಕ್ಕಾಗಿ ಅವರಿಗೆ ವಾರ್ಷಿಕ ಹೆಚ್ಚುವರಿ ಮೊತ್ತ ಕೊಡಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ನಮ್ಮಲ್ಲಿ ಮ್ಯಾಜಿಸ್ಟ್ರೇಟರಿಗೆ ನ್ಯಾಯಾಂಗದ ಸಂಬಳ. ನಿಯಮದಲ್ಲಿ ಭತ್ಯೆ ಹೇಳಿರುವುದು ಹೊರಗಿನಿಂದ ಬರುವ ಸದಸ್ಯರಿಗೆ.

ತಪ್ಪು ಕಲ್ಪನೆ: ಆ ಸದಸ್ಯರು ಸರ್ಕಾರಿ ನೌಕರರು, ತಿಂಗಳ ಸಂಬಳ, ಪಿಂಚಣಿ ಎಲ್ಲ ಉಂಟು.

ಸತ್ಯ: ಅವರಿಗೆ ಸಿಗುವುದು ಸಿಟ್ಟಿಂಗ್ ಲೆಕ್ಕದ ಭತ್ಯೆ. ಬಂದು ಕೂತ ದಿನಕ್ಕೆ ದುಡ್ಡು, ಬಾರದ ದಿನಕ್ಕೆ ಇಲ್ಲ. ಕೇಂದ್ರದ 2016ರ ಮಾದರಿ ನಿಯಮಗಳು ಇದನ್ನು ಸಿಟ್ಟಿಂಗಿಗೆ 1,500 ರೂಪಾಯಿಗೆ ಕಡಿಮೆಯಾಗಬಾರದು ಎಂದು ಗೊತ್ತುಮಾಡಿದವು. ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಕೂಡಬೇಕು. ಒಂದು ದಿನವೂ ತಪ್ಪದೆ ಬಂದವರಿಗೆ ಆ ದರದಲ್ಲಿ ತಿಂಗಳಿಗೆ 30,000 ರೂಪಾಯಿ ಆಯಿತು. ಹಣ ಬರುವುದು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುವ ಮಿಷನ್ ವಾತ್ಸಲ್ಯ ಯೋಜನೆಯಿಂದ. ಅವಧಿ ಹೆಚ್ಚೆಂದರೆ ಮೂರು ವರ್ಷ, ಆಮೇಲೆ ಮನೆಗೆ.

ತಪ್ಪು ಕಲ್ಪನೆ: ಕೇಸು ಎಳೆದಷ್ಟೂ ಅವರಿಗೆ ಲಾಭ, ಪೋಷಕರೂ ಫೀಸು ಕಟ್ಟಬೇಕು.

ಸತ್ಯ: ಭತ್ಯೆ ಕೂತ ದಿನಕ್ಕೇ ಹೊರತು ಕೇಸಿನ ಎಣಿಕೆಗಲ್ಲ. ಒಂದು ಕೇಸಿರಲಿ, ಹತ್ತಿರಲಿ, ಅಷ್ಟೇ ದುಡ್ಡು. ವಿಚಾರಣೆಗೂ ಗಡುವಿದೆ: ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳು, ಕಾರಣ ಬರೆದಿಟ್ಟರೆ ಇನ್ನೆರಡು. ಸಣ್ಣ ಅಪರಾಧದ ವಿಚಾರಣೆ ಆ ಹೊತ್ತಿಗೂ ಮುಗಿಯದಿದ್ದರೆ ಕೇಸೇ ಬಿದ್ದುಹೋಗುತ್ತದೆ. ಪೋಷಕರು ಮಂಡಳಿಗೆ ಕಟ್ಟಬೇಕಾದ ಶುಲ್ಕ ಏನೂ ಇಲ್ಲ. ಮಗುವಿಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ವಕೀಲರನ್ನು ಒದಗಿಸುವುದೂ ಮಂಡಳಿಯದೇ ಹೊಣೆ. ಸಾಹೇಬರಿಗೆ ಕೊಡಬೇಕು ಎಂದು ಯಾರಾದರೂ ದುಡ್ಡು ಕೇಳಿದರೆ ಅದು ಲಂಚ.

ತಪ್ಪು ಕಲ್ಪನೆ: ನಿರ್ಧಾರವೆಲ್ಲ ಜಡ್ಜ್‌ದು, ಉಳಿದಿಬ್ಬರು ಹಾಜರಿ ಹಾಕಿ ಭತ್ಯೆ ಎಣಿಸುವವರು.

ಸತ್ಯ: ಜನ ಹೆಚ್ಚು ಎಡವುವುದು ಇಲ್ಲೇ. ಅಂತಿಮ ತೀರ್ಮಾನದ ಹೊತ್ತಿಗೆ ಮ್ಯಾಜಿಸ್ಟ್ರೇಟರೂ ಸೇರಿ ಕನಿಷ್ಠ ಇಬ್ಬರು ಇರಲೇಬೇಕು. ಮೂವರಲ್ಲಿ ಒಮ್ಮತ ಬಾರದಿದ್ದರೆ ಬಹುಮತದ ಮಾತೇ ನಡೆಯುತ್ತದೆ. ಅಂದರೆ ಇಬ್ಬರು ಸಮಾಜ ಕಾರ್ಯಕರ್ತರು ಒಂದಾದರೆ ಮ್ಯಾಜಿಸ್ಟ್ರೇಟರ ಅಭಿಪ್ರಾಯವೂ ಬಿದ್ದುಹೋಗಬಹುದು. ಬಹುಮತವೇ ಇಲ್ಲದಾಗ ಮಾತ್ರ ಮ್ಯಾಜಿಸ್ಟ್ರೇಟರ ಮಾತು ಅಂತಿಮ. ಮಂಡಳಿ ಕೂಡದ ದಿನ ಪೊಲೀಸರು ಮಗುವನ್ನು ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಮೈಗಳ್ಳರಿಗೂ ಜಾಗವಿಲ್ಲ: ಸಕಾರಣವಿಲ್ಲದೆ ಸತತ ಮೂರು ತಿಂಗಳು ತಪ್ಪಿಸಿಕೊಂಡರೆ, ಇಲ್ಲವೇ ವರ್ಷದಲ್ಲಿ ಕನಿಷ್ಠ ಮುಕ್ಕಾಲು ಪಾಲು ಸಿಟ್ಟಿಂಗ್‌ಗಾದರೂ ಬಾರದಿದ್ದರೆ ಸದಸ್ಯತ್ವ ಹೋಗುತ್ತದೆ.

ತಪ್ಪು ಕಲ್ಪನೆ: ಮಕ್ಕಳ ಸೇವೆಗೆ ದುಡ್ಡು ಯಾಕೆ? ಬಿಟ್ಟಿಯಾಗಿ ಮಾಡಲಿ.

ಸತ್ಯ: ಬಿಟ್ಟಿ ಎಂದರೆ ಮನೆಯಲ್ಲಿ ಅನುಕೂಲ ಇದ್ದವರಷ್ಟೇ ಬರುತ್ತಾರೆ, ಅದೂ ತುಮಕೂರು ಪೇಟೆಯವರು. ಪೂರ್ತಿ ಹೊತ್ತಿನ ಬೇರೆ ನೌಕರಿ ಇಟ್ಟುಕೊಂಡು ಮಂಡಳಿಗೆ ಸಮಯ ಕೊಡಲಾಗದವರಿಗೆ ನಿಯಮದಲ್ಲೇ ಜಾಗವಿಲ್ಲ. ಇರುವ ದುಡಿಮೆ ಬಿಟ್ಟು ಬರುವವರಿಗೆ ಭತ್ಯೆಯೇ ಆಸರೆ. ಪಾವಗಡದ ಮಹಿಳೆಯೊಬ್ಬರು ಸದಸ್ಯೆಯಾದರೆ ತುಮಕೂರಿಗೆ ಓಡಾಟದ ಖರ್ಚೂ ಆ ಸಿಟ್ಟಿಂಗಿನ ದುಡ್ಡಿನೊಳಗೇ ಹೊಂದಬೇಕು. ಮಂಡಳಿ ಕೂಡುವ ಊರಿನವರಿಗೂ ನೂರು ಕಿಲೋಮೀಟರ್ ದೂರದವರಿಗೂ ಒಂದೇ ದರ ಎಂದಾಗ ಗಡಿ ತಾಲ್ಲೂಕಿನವರು ಅರ್ಜಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ಆದರೆ ಶೇಂಗಾ ಬೆಳೆ ಕೈಕೊಟ್ಟ ವರ್ಷ ಮಕ್ಕಳು ಶಾಲೆ ಬಿಟ್ಟು ಎಲ್ಲಿಗೆ ದುಡಿಯಲು ಹೋಗುತ್ತಾರೆಂಬುದು ಚೆನ್ನಾಗಿ ಗೊತ್ತಿರುವುದು ಅವರಿಗೇ.

ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ ಏಳು ವರ್ಷ ತೊಡಗಿಕೊಂಡವರು, ಇಲ್ಲವೇ ಕಾನೂನು, ಮನಶ್ಶಾಸ್ತ್ರ, ಸಮಾಜಶಾಸ್ತ್ರದ ಪದವಿ ಪಡೆದು ವೃತ್ತಿಯಲ್ಲಿರುವವರು ಮಂಡಳಿಗೆ ಅರ್ಹರು. ಮುಂದಿನ ಸಲ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅರ್ಜಿ ಕರೆದಾಗ ಈ ನಾಲ್ಕು ತಾಲ್ಲೂಕುಗಳಿಂದಲೂ ಹೆಸರು ಹೋಗಲಿ. ಜೊತೆಗೆ ದೂರಕ್ಕೆ ತಕ್ಕ ಪ್ರಯಾಣ ಭತ್ಯೆ ಬೇಕೆಂಬ ಬೇಡಿಕೆಯೂ ಹೋಗಲಿ.